ನಮ್ಮಕ್ಕನ ಕ್ಯೂ

ನಮ್ಮ ತಾಳವಾಡಿ ಬೆಟ್ಟದ ಜನಕ್ಕೆ ದೇವರು ಎಲ್ಲ ಮಾತನ್ನೂ ಕೊಟ್ಟು ಒಂದನ್ನು ಮಾತ್ರ ಕೊಡೋದಕ್ಕೆ ಮರೆತಿದ್ದಾನೆ. ಅದು ‘ಬೇಡ’ ಅನ್ನುವ ಮಾತು. ಹೊಸಿಲ ತನಕ ಬಂದವರಿಗೆ ‘ಆಗೋದಿಲ್ಲ’ ಅಂದರೆ ಮನೆಗೆ ಶ್ರೇಯಸ್ಸಲ್ಲ ಅಂತ ನಮ್ಮಲ್ಲೊಂದು ನಂಬಿಕೆ. ಪ್ಲಾಸ್ಟಿಕ್ ಬಿಂದಿಗೆ ಮಾರುವವನು ಬಂದರೂ ‘ಆಗ್ಲಿ ಕಣಪ್ಪ, ಬರೋ ವಾರ ನೋಡಮ’ ಅನ್ನುತ್ತಾರೆ. ಅವನು ಬರುವ ವಾರ ಬರುತ್ತಾನೆ, ಇವರು ಮತ್ತೆ ‘ಆಗ್ಲಿ’ ಅನ್ನುತ್ತಾರೆ. ಹೀಗೆ ‘ಆಗ್ಲಿ’ ಕೇಳಿ ಕೇಳಿ ಎಷ್ಟೋ ಬಿಂದಿಗೆಯವರು ಮುದುಕರಾಗಿದ್ದಾರೆ. ನಾನು ಹೆಣ್ಣು ನೋಡೋಕೆ ಹೋದ ಮೊದಲ ನಾಲ್ಕು ಮನೆಗಳಲ್ಲೂ ಉಪ್ಪಿಟ್ಟು ಕೊಟ್ಟು ‘ಆಗ್ಲಿ, ಯೋಳಿ ಕಳಿಸ್ತೀವಿ’ ಅಂದಿದ್ದರು. ಇವತ್ತಿನವರೆಗೆ ಯಾರೂ ಹೇಳಿ ಕಳಿಸಿಲ್ಲ. ಆ ನಾಲ್ವರಲ್ಲಿ ಒಬ್ಬಾಕೆಗೆ ಈಗ ಮೊಮ್ಮಗಳಿದ್ದಾಳೆ, ಆದ್ದರಿಂದ ನಾನೂ ಆಸೆ ಬಿಟ್ಟಿದ್ದೇನೆ. ಇಷ್ಟೆಲ್ಲ ಗೊತ್ತಿದ್ದೂ, ಇದೇ ಬೆಟ್ಟದಲ್ಲಿ ಹುಟ್ಟಿ ಬೆಳೆದೂ, ನೂರು ಜನ ‘ಆಗ್ಲಿ’ ಅಂದದ್ದನ್ನು ನಂಬಿ ಹಣ ಹಾಕಿದವನು ನಾನು. ಆದರೆ ಹೋದ ಹಣದ ಸಂಕಟ ಹೇಳೋಕೆ ಕೂತಿಲ್ಲ. ಆ ಹಣ ಕಡೆಗೆ ಬಂತು. ಬಂದದ್ದೇ ನನ್ನ ಸಂಕಟ.

ತಾಳವಾಡಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಅಂಗಡಿ. ಮೊದಲು ಎಸ್‌ಟಿಡಿ ಬೂತು, ಮೂಲೆಯಲ್ಲೊಂದು ಝೆರಾಕ್ಸ್ ಯಂತ್ರ. ಒಂದು ಕಾಲದಲ್ಲಿ ಆ ಗಾಜಿನ ಗೂಡಿನೊಳಗೆ ನಿಂತು ಜನ ಅತ್ತಿದ್ದಾರೆ, ನಕ್ಕಿದ್ದಾರೆ, ಅಳಿಯಂದಿರನ್ನು ಬೈದಿದ್ದಾರೆ. ಮೊಬೈಲು ಬಂದ ಮೇಲೆ ಅದೇ ಬೈಗುಳವನ್ನು ನಡುರಸ್ತೆಯಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ ಬೈಯತೊಡಗಿದರು. ಬೂತು ಖಾಲಿಯಾಯಿತು. ನನ್ನ ಹೆಂಡತಿ ಪಾರ್ವತಿ ಅದರೊಳಗೆ ಬೆಳ್ಳುಳ್ಳಿ ತೂಗುಹಾಕಿದಳು. “ಇಲಿ ಬರಲ್ಲ, ಗಾಳಿನೂ ಆಡ್ತದೆ, ಇಷ್ಟು ವರ್ಷಕ್ಕೆ ಇದೊಂದು ಉಪಯೋಗಕ್ಕೆ ಬಂತು” ಅಂದಳು. ಅವಳ ಮಾತಿನಲ್ಲಿ ‘ಇದು’ ಅಂದರೆ ಬೂತೋ ನಾನೋ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಂಥ ದಿನಗಳಲ್ಲೇ ಕೆಳಗಿನ ಊರಿನ ಒಂದು ಕಂಪನಿಯ ಮನುಷ್ಯ ನನ್ನನ್ನು ಹುಡುಕಿಕೊಂಡು ಬಂದ. ಆಡುವುದು ಕನ್ನಡವಾದರೂ ನಮ್ಮ ಬೆಟ್ಟ ಸೇರಿದ್ದು ತಮಿಳುನಾಡಿಗೆ, ಇವನು ತಮಿಳಿನವನು. ಹೆಚ್ಚುಕಡಿಮೆ ನನ್ನ ವಯಸ್ಸಿನವನೇ, ಕುತ್ತಿಗೆಗೆ ಟೈ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಳಕೊಂಡು ಬಂದಿದ್ದ. ಮೊದಲು ಕೇಳಿದ್ದು ಸೋಡಾ. ಅದನ್ನು ಕುಡಿದು ಸುಧಾರಿಸಿಕೊಂಡು ಚೀಲ ಬಿಚ್ಚಿದ. ಕರೆಂಟು ಬಿಲ್ಲು, ಫೋನು ಬಿಲ್ಲು, ಇನ್ಶೂರೆನ್ಸು, ಎಲ್ಲವನ್ನೂ ಕಂಪ್ಯೂಟರಿನಲ್ಲೇ ಕಟ್ಟುವ ಹೊಸ ವ್ಯವಸ್ಥೆ ಬಂದಿದೆಯಂತೆ, ಈ ಬೆಟ್ಟಕ್ಕೆಲ್ಲ ನಾನೊಬ್ಬನೇ ಏಜೆಂಟಂತೆ. “ಇನಿಮೇ ವರಿಸೈಯೇ ಕಿಡಯಾದು ಸಾರ್” ಅಂದ. ಇನ್ನು ಮೇಲೆ ಕ್ಯೂ ಅನ್ನೋದೇ ಇಲ್ಲ ಅಂತ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಅದು ಘಾಟಿಯದ್ದಿರಬೇಕು, ನಾನು ಭಕ್ತಿ ಅಂದುಕೊಂಡೆ. ಕಂಪನಿಯದ್ದು ಒಂದೇ ಷರತ್ತು. ಯಂತ್ರ ಕೊಡುವ ಮೊದಲು ನೂರು ಮನೆಗೆ ಹೋಗಿ ಒಂದು ಫಾರಂ ತುಂಬಿಸಬೇಕು: ಹೊಸ ವ್ಯವಸ್ಥೆ ಬಂದರೆ ನೀವು ಹಳೆಯದನ್ನು ಬಿಟ್ಟು ಇದಕ್ಕೆ ಬರುತ್ತೀರಾ? ಉತ್ತರಕ್ಕೆ ತಮಿಳಿನಲ್ಲಿ ಮೂರು ಚೌಕ. ಖಂಡಿತ, ಒಂದು ವೇಳೆ, ಇಲ್ಲ.

ಮೊದಲು ತಿಗನಾರೆಗೆ ಹೋದೆ. ಅದು ನಮ್ಮಕ್ಕ ಮಾದಮ್ಮನನ್ನು ಕೊಟ್ಟ ಊರು. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ನಮ್ಮವ್ವ ಹೊಲಕ್ಕೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ನಲವತ್ತು ತುಂಬುವ ಮೊದಲೇ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಮೈದುನನ ಸಂಸಾರದ ಜೊತೆಗೇ ಇದ್ದಳು. ಫಾರಮ್ಮಿನ ವಿಷಯ ಹೇಳಿದಾಗ ಅವಳಿಗೆ ಏನು ಅರ್ಥವಾಯಿತೋ ಬಿಟ್ಟಿತೋ, ತಮ್ಮನಿಗೆ ಏನೋ ಒಳ್ಳೆಯದಾಗುತ್ತದೆ ಅನ್ನುವಷ್ಟು ಅರ್ಥವಾಯಿತು. ಸೆರಗು ಸಿಕ್ಕಿಸಿಕೊಂಡು ನನ್ನ ಮುಂದೆ ಮುಂದೆ ನಡೆದಳು. ಪ್ರತಿ ಮನೆಯ ಮುಂದೆಯೂ “ನಮ್ ನಂಜ ಬಂದವ್ನ, ಅದೇನೋ ಬರ್ಕತಾನಂತ, ಆಗ್ಲಿ ಅಂದ್ಬುಡಿ” ಅಂತ ಕೂಗಿ ಹೇಳಿದಳು. ಎಲ್ಲರೂ ಆಗ್ಲಿ ಅಂದರು. ದೊಡ್ಡಗಾಜನೂರಲ್ಲಿ ಅಂದರು, ಜೀರಹಳ್ಳಿಯಲ್ಲಿ ಅಂದರು. ಕರೆಂಟೇ ಇಲ್ಲದ ಒಂದು ಮನೆಯ ಅಜ್ಜಿಯೂ “ಆಗ್ಲಿ ಕಣ್ ಮಗ, ನಿನ್ ಮನಸ್ಗ ಯಾಕ ನೋವ್ ಮಾಡ್ಲಿ” ಅಂದಳು. ನಾನು ಅವಳದ್ದನ್ನೂ ‘ಖಂಡಿತ’ದಲ್ಲಿ ಬರೆದುಕೊಂಡೆ. ಆ ವಾರ ನಾನು ಕುಡಿದ ಕಾಫಿಯಿಂದಾಗಿ ನನಗೆ ಮೂರು ದಿನ ನಿದ್ದೆ ಬರಲಿಲ್ಲ. ನೂರು ಫಾರಮ್ಮಿನಲ್ಲಿ ಒಬ್ಬರೂ ‘ಇಲ್ಲ’ ಅಂದಿರಲಿಲ್ಲ. ಕಂಪನಿಯ ಟೈನವನು ಕೆಳಗಿನಿಂದಲೇ ಫೋನು ಮಾಡಿ, ಸರ್ವಿಸ್ಸಿನಲ್ಲಿ ಇಂಥ ಫಲಿತಾಂಶ ತಾನು ನೋಡಿಯೇ ಇಲ್ಲ ಅಂದ. ನೋಡಿರಲಾರ, ಅವನು ಬಯಲು ಸೀಮೆಯವನು, ಅಲ್ಲಿನ ಜನಕ್ಕೆ ಬೇಡ ಅನ್ನೋದಕ್ಕೆ ಬರುತ್ತದೆ.

ಪಾರ್ವತಿಯ ಬಳೆ ಬ್ಯಾಂಕಿಗೆ ಹೋಯಿತು, ಕಂಪ್ಯೂಟರು ಅಂಗಡಿಗೆ ಬಂತು. ಬೆಳ್ಳುಳ್ಳಿ ಇಳಿಸಿ, ಬೂತಿಗೆ ಸಾಂಬ್ರಾಣಿ ಹಾಕಿ, ಕೀಬೋರ್ಡಿಗೆ ಕುಂಕುಮ ಇಟ್ಟೆ. ಒಂದು ಅಕ್ಷರದ ಸಂದಿಯಲ್ಲಿ ಆ ಕುಂಕುಮ ಇಳಿದು ಅದನ್ನು ಒತ್ತಿದರೆ ಎರಡೆರಡು ಸಲ ಬೀಳುತ್ತಿತ್ತು. ಮೊದಲ ಎರಡು ತಿಂಗಳಲ್ಲಿ ಬಂದವರು ಮೂರು ಜನ. ಒಬ್ಬರು ಪೋಸ್ಟ್ ಮಾಸ್ಟರು, ಅವರದ್ದು ಕುತೂಹಲ. ಒಬ್ಬ ದಾರಿ ತಪ್ಪಿದವನು. ಮೂರನೆಯವನು ನಾನೇ. ನನ್ನ ಮನೆಯ ಬಿಲ್ಲನ್ನು ನನಗೇ ಕಟ್ಟಿ, ನನಗೇ ರಸೀದಿ ಕೊಟ್ಟು, “ಥ್ಯಾಂಕ್ಸ್” ಅಂದೆ. ಆ ನೂರು ‘ಖಂಡಿತ’ಗಳು ಎಲ್ಲಿ ಹೋದವು ಅಂತ ವಿಚಾರಿಸಿದಾಗ ಗೊತ್ತಾಯಿತು. ಕಡಿಮೆಯೆಂದರೂ ಅರ್ಧದಷ್ಟು ನನ್ನ ಅಂಗಡಿಯ ಮುಂದೆಯೇ ನಡೆದು ಹೋಗಿದ್ದವು, ನಮ್ಮಕ್ಕನ ಹಳದಿ ಚೀಲದಲ್ಲಿ.

ಈ ಚೀಲದ ಕತೆ ಹೇಳಬೇಕು. ನಮ್ಮ ಕಡೆ ಎರಡು ತಿಂಗಳಿಗೊಮ್ಮೆ ಕರೆಂಟಿನವರು ಬಂದು ಮೀಟರು ನೋಡಿ, ಮನೆಯ ಬಿಳಿ ಕಾರ್ಡಿನಲ್ಲಿ ಬರೆದು ಹೋಗುತ್ತಾರೆ. ಆ ಕಾರ್ಡು ತಗೊಂಡು ತಾಳವಾಡಿಯ ಆಫೀಸಿಗೆ ಬಂದು ಕಟ್ಟಬೇಕು. ಭಾವ ತೀರಿಕೊಂಡ ಮೇಲೆ ಅಕ್ಕ ಮೊದಲು ತನ್ನ ಮನೆಯ ಕಾರ್ಡು ತಂದಳು, ಆಮೇಲೆ ಪಕ್ಕದ ಮನೆಯದ್ದು, ಆಮೇಲೆ ಬೀದಿಯದ್ದು, ಬರುಬರುತ್ತಾ ಆಚೀಚೆ ಊರಿನವರೂ ಕೊಟ್ಟರು. ಓದು ಬರಹ ಇಲ್ಲ. ಯಾವ ಕಾರ್ಡು ಯಾರದ್ದು ಅಂತ ಅದರ ಮೇಲಿನ ಸಾರಿನ ಕಲೆ, ಇಲಿ ಕಡಿದ ಮೂಲೆ, ಮಗು ಗೀಚಿದ ಗೀಟು ನೋಡಿ ಹೇಳುತ್ತಿದ್ದಳು. ಒಂದು ಸಲವೂ ತಪ್ಪಿದ್ದಿಲ್ಲ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ನಡುವೆ ಇಡೀ ದಿನ. ಬಿಲ್ಲಿನ ವಾರ ಪೂರ್ತಿ ಅವಳಿಗೆ ತಾಳವಾಡಿ.

ಇನ್ನು ಆ ಕ್ಯೂ. ಅದು ನಿಲ್ಲುವ ಕ್ಯೂ ಅಲ್ಲ. ಬಂದವರು ಬಂದ ಹಾಗೆ ಕಾರ್ಡನ್ನು ಆಫೀಸಿನ ಜಗಲಿಯ ಮೇಲೆ ಒಂದರ ಕೆಳಗೊಂದು ಇಟ್ಟು, ಮೇಲೆ ಗುಂಡುಕಲ್ಲು ಹೇರುತ್ತಿದ್ದರು. ಕ್ಯೂನಲ್ಲಿ ನಿಂತದ್ದು ಕಾರ್ಡುಗಳು, ಮನುಷ್ಯರೆಲ್ಲ ಹುಣಸೆ ಮರದ ಕೆಳಗೆ. ಆ ನೆರಳಲ್ಲಿ ಹೆಣ್ಣು ಗಂಡಿನ ಸಂಬಂಧಗಳು ಕೂಡಿಬರುತ್ತಿದ್ದವು. ಯಾರ ಜೋಳಕ್ಕೆ ಆನೆ ನುಗ್ಗಿತು, ಯಾರ ಹಸು ಕರು ಹಾಕಿತು, ಯಾವ ಡಾಕ್ಟರು ಮಂಡಿಗೆ ಒಳ್ಳೆಯವನು, ಎಲ್ಲ ಅಲ್ಲಿ. ಅಕ್ಕ ಊರಿಗೆ ಹೋಗಿ ಕಾರ್ಡು ಹಿಂದಕ್ಕೆ ಕೊಡುವಾಗ ಜೊತೆಗೆ ಈ ಸುದ್ದಿಯನ್ನೂ ಕೊಡುತ್ತಿದ್ದಳು. ಜನ ಅವಳಿಗೆ ಕಾರ್ಡು ಕೊಡುತ್ತಿದ್ದದ್ದೇ ಅದಕ್ಕೆ ಅಂತ ನನಗೆ ಈಗ ಅನ್ನಿಸುತ್ತದೆ. ಕ್ಯೂ ಮುಗಿಸಿ ಮಧ್ಯಾಹ್ನ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ಪಾರ್ವತಿ ಕಳಿಸಿದ ಮುದ್ದೆ ಉಂಡು, ಅದನ್ನೆಲ್ಲ ನನಗೂ ಹೇಳುತ್ತಿದ್ದಳು. ನಾನು ‘ಹೂಂ, ಹೂಂ’ ಅನ್ನುತ್ತಿದ್ದೆ. ಕಣ್ಣು ಝೆರಾಕ್ಸಿನ ಮೇಲೆ. ಒಂದು ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಎಂಥ ದಡ್ಡ ಅಂದರೆ ನಾನು, ಆ ಹೂಂಕಾರಕ್ಕೆ ನನ್ನನ್ನು ನಾನೇ ಒಳ್ಳೆಯ ತಮ್ಮ ಅಂದುಕೊಂಡಿದ್ದೆ.

ಹೀಗೆ ನನ್ನ ಆಧುನಿಕ ವ್ಯವಸ್ಥೆಗೆ ಎದುರಾಳಿಯಾಗಿ ನಿಂತದ್ದು ಐವತ್ತೈದು ದಾಟಿದ ನನ್ನ ಸ್ವಂತ ಅಕ್ಕ. ಅವಳನ್ನು ಕೂರಿಸಿಕೊಂಡು, ಬಳೆ ಬ್ಯಾಂಕಿನಲ್ಲಿರುವುದನ್ನೂ ಸೇರಿಸಿ ಹೇಳಿದೆ. “ಅಕ್ಕ, ಆ ಕಾರ್ಡೆಲ್ಲ ನನ್ನ ಹತ್ತಿರಾನೇ ತಾ. ಇಲ್ಲೇ ಕಟ್ಟಿಬಿಡ್ತೀನಿ.”

“ಮದ್ಲೇ ಯೋಳಾದಲ್ವೇನ್ಲಾ” ಅಂದಳು. ಮುಂದಿನ ಸಲ ಚೀಲ ನೇರವಾಗಿ ನನ್ನ ಮೇಜಿನ ಮೇಲೆ ಬಂತು. ಅಷ್ಟೂ ಕಾರ್ಡಿನ ಕೆಲಸ ಊಟದ ಹೊತ್ತಿಗೆ ಮೊದಲೇ ಮುಗಿಯಿತು. ಅಕ್ಕ ಗೋಡೆಯ ಗಡಿಯಾರ ನೋಡಿದಳು, ಬಸ್‌ಸ್ಟ್ಯಾಂಡು ನೋಡಿದಳು. ಸಂಜೆಯ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. “ಕಂಪ್ಯೂಟ್ರು ಬಾಳ ಜೋರಾಗಿ ಓಡ್ತದ ಅಲ್ವಾ” ಅಂದಳು. ನಾನು ಹೆಮ್ಮೆಯಿಂದ ಹೌದು ಅಂದೆ.

ಆದರೆ ನೆಮ್ಮದಿ ಎಲ್ಲಿ? ಒಂದು ವಾರಕ್ಕೆ ದೊಡ್ಡಗಾಜನೂರಿನ ಯಜಮಾನರೊಬ್ಬರು ನನ್ನ ರಸೀದಿಯನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಹಿಡಿದುಕೊಂಡು ಬಂದರು. “ಏನಪ್ಪ ನಂಜುಂಡಪ್ಪ, ಇದ್ರಲ್ಲಿ ಸೀಲೇ ಇಲ್ವಲ್ಲ. ಸೀಲಿಲ್ದ ರಸೀದಿ ತಾಳಿ ಇಲ್ದ ಮದ್ವ ಇದ್ದಂಗ ಕಣಪ್ಪ. ನಾಳ ಅವ್ರು ಬಂದು ವೈರ್ ಕಿತ್ತಾಕುದ್ರ ನಾ ಯಾರ್ ಮುಂದ ಓಗಿ ನಿಂತ್ಕಳ್ಲಿ?” ಕಂಪ್ಯೂಟರು ಹೇಳಿದ ಮೇಲೆ ಸೀಲು ಬೇಡ ಅಂತ ನಾನು ಎಷ್ಟು ಹೇಳಿದರೂ ಅವರು ಕಂಪ್ಯೂಟರನ್ನೇ ಒಮ್ಮೆ ನೋಡಿ, “ಅದ್ಕ ಕೈ ಇಲ್ವಲ್ಲ, ಸೈನ್ ಎಂಗ್ ಆಕ್ತದ?” ಅಂದರು. ಅಕ್ಕ ಊರಲ್ಲಿ ನನ್ನ ಪರವಾಗಿ ಎಷ್ಟು ಜಗಳ ಆಡಿದಳೋ, ನನಗೆ ಹೇಳಲಿಲ್ಲ. ಕೊನೆಗೆ ನಾನು ಸತ್ಯಮಂಗಲದಲ್ಲಿ ಒಂದು ರಬ್ಬರ್ ಸೀಲು ಮಾಡಿಸಿದೆ. ಉರುಟಾಗಿ, ಅಂಚಿಗೆ ನನ್ನದೇ ಹೆಸರು, ನಡುವೆ ಜಾಗ ಉಳಿದದ್ದಕ್ಕೆ ಸುಮ್ಮನೆ ಒಂದು ನಕ್ಷತ್ರ. ಅದಕ್ಕೆ ಸರ್ಕಾರದ್ದಿರಲಿ, ಕಂಪನಿಯದ್ದೂ ಒಪ್ಪಿಗೆ ಇರಲಿಲ್ಲ. ರಸೀದಿಯ ಮೇಲೆ ನೇರಳೆ ಬಣ್ಣದ ಆ ನಕ್ಷತ್ರ ಬಿದ್ದದ್ದೇ ತಡ, ಬೆಟ್ಟಕ್ಕೆ ಬೆಟ್ಟವೇ ನನ್ನನ್ನು ನಂಬಿತು. ಕಂಪನಿಯವರು ಎಷ್ಟೋ ಖರ್ಚು ಮಾಡಿ ತಿಳಿಯಲು ಹೊರಟ ಪ್ರಶ್ನೆಗೆ ಉತ್ತರ ಇಷ್ಟೆ: ಜನ ಹೊಸದಕ್ಕೆ ಬರುತ್ತಾರೆ, ಅದಕ್ಕೆ ಹಳೆಯದರ ಸೀಲು ಒತ್ತಬೇಕು. ಇದನ್ನು ನಾನು ಟೈನವನಿಗೆ ಹೇಳಲಿಲ್ಲ, ಹೇಳಿದ್ದರೆ ಏಜೆನ್ಸಿ ಕಿತ್ತುಕೊಳ್ಳುತ್ತಿದ್ದ.

ಆಮೇಲೆ ಒಂದೊಂದೇ ಸಲೀಸಾಯಿತು. ಒಮ್ಮೆ ಮನೆಯ ನಂಬರು ಕಂಪ್ಯೂಟರಿಗೆ ಹತ್ತಿದ ಮೇಲೆ ಕಾರ್ಡು ತರಬೇಕಾಗಿಯೇ ಇರಲಿಲ್ಲ. ಹಾಲಿನ ವ್ಯಾನಿನವನು ದಿನಾ ತಿಗನಾರೆಯಿಂದ ತಾಳವಾಡಿಗೆ ಬರುತ್ತಿದ್ದ. ಹಣ ಅವನ ಕೈಗೆ ಕೊಟ್ಟರೆ ಅವನು ನನಗೆ ತಲುಪಿಸಿ, ರಸೀದಿ ವಾಪಸ್ಸು ಒಯ್ಯುತ್ತಿದ್ದ. ಈ ಏರ್ಪಾಟು ಮಾಡಿದ್ದು ನಾನೇ. ಅಕ್ಕ ಬಂದಾಗ ಬಲು ದೊಡ್ಡ ಉಡುಗೊರೆ ಕೊಡುವವನ ಹಾಗೆ ಹೇಳಿದೆ. “ಅಕ್ಕ, ಸಾಕು ನೀನು ಪಟ್ಟ ಪಾಡು. ಇನ್ನು ನೀನು ಬರಬೇಕಾಗೇ ಇಲ್ಲ.”

“ಒಂದ್ ಸಲಾನೂವಾ?”

“ಒಂದು ಸಲವೂ ಬೇಡ. ಆರಾಮಾಗಿ ಮನೇಲಿರು.”

ಅಕ್ಕ ಖಾಲಿ ಚೀಲವನ್ನು ಮಡಿಸಿದಳು. ಅಂಗೈಯಷ್ಟು ಆಗುವವರೆಗೆ ಮಡಿಸಿದಳು. “ಆಗ್ಲಿ ಕಣ್ಲಾ” ಅಂದಳು.

ಬೆಟ್ಟದವನಾಗಿ ಆ ‘ಆಗ್ಲಿ’ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಗಿರಾಕಿ ಬಂದಿದ್ದ, ಆ ಕಡೆ ತಿರುಗಿದೆ.

ಗಂಡ ಇಲ್ಲದ ಹೆಂಗಸು ಬೀದಿಗೆ ಇಳಿದರೆ ‘ಎಲ್ಲಿಗ?’ ಅಂತ ಕೇಳುವುದು ನಮ್ಮೂರುಗಳಲ್ಲಿ ತಪ್ಪಲ್ಲ, ಅದು ಪ್ರೀತಿಯಿಂದಲೇ ಕೇಳುವ ಮಾತು. ಅಕ್ಕನ ಹತ್ತಿರ ಅದಕ್ಕೊಂದು ಉತ್ತರವಿತ್ತು: ‘ಕರೆಂಟ್ ಬಿಲ್ ಕಟ್ಟಾಕ.’ ಊರಿನ ಕೆಲಸ, ಯಾರೂ ಎದುರು ಹೇಳುವ ಹಾಗಿಲ್ಲ. ತಮ್ಮನನ್ನು ನೋಡೋಕೆ, ಮರದ ಕೆಳಗೆ ನಾಲ್ಕು ಜನದ ಜೊತೆ ನಗೋಕೆ, ಬೋಂಡ ತಿನ್ನೋಕೆ ಅಂತ ಹೇಳಿ ಬಸ್ಸು ಹತ್ತಲು ಆಗುತ್ತದೆಯೇ? ಮೈದುನನ ಮನೆಯವರು ಒಳ್ಳೆಯವರು. “ಇನ್ಯಾಕಕ್ಕ ದಣೀತೀರ, ಕೂತ್ಕಳಿ” ಅಂದರು. ಅವಳು ಕೂತಳು. ನಾನು ವ್ಯಾಪಾರದಲ್ಲಿ ಮುಳುಗಿದೆ. ಬಳೆ ಬಿಡಿಸಿಕೊಂಡು ಬಂದೆ. ಕಂಪನಿಯವರು ಕೆಳಗೆ ಕರೆದು ಶಾಲು ಹೊದಿಸಿದರು. ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಅಕ್ಕ ಬರುತ್ತಿಲ್ಲ ಅನ್ನೋದು ನನ್ನ ಗಮನಕ್ಕೆ ಬರಲಿಲ್ಲ ಅಂತ ಹೇಳಿದರೆ ಸುಳ್ಳು. ಬಂದಿತ್ತು, ಆದರೆ ನನ್ನಿಂದಾಗಿ ಅವಳಿಗೆ ವಿಶ್ರಾಂತಿ ಸಿಕ್ಕಿತು ಅಂತ ಹೇಳಿಕೊಂಡು ತಿರುಗುತ್ತಿದ್ದೆ.

ಒಂದೂವರೆ ವರ್ಷದ ಮೇಲೆ ಹೋಗಿ ನೋಡಿದರೆ ಅಕ್ಕ ಅರ್ಧ ಆಗಿದ್ದಳು. ಕೂತು ಕೂತು ಮಂಡಿ ಹಿಡಿದುಬಿಟ್ಟಿತ್ತು, ಗೋಡೆ ಹಿಡಿದುಕೊಂಡೇ ಏಳಬೇಕು. “ತಾಳವಾಡಿಗೆ ಬಾ, ನಾಲ್ಕು ದಿನ ಇದ್ದು ಹೋಗು” ಅಂದೆ. “ಬಸ್ಸಿನ್ ಮೆಟ್ಲು ಬಾಳ ಎತ್ತರ ಕಣ್ಲಾ” ಅಂದಳು. ಕಾರು ತರ್ತೀನಿ ಅಂದೆ. “ಕಾರ್ನಲ್ಲಿ ಬಂದು ಅಲ್ಲಿ ನಾ ಮಾಡಾದೇನ್ಲಾ?” ಅಂದಳು. ಅವಳ ವಾರಗಿತ್ತಿ ನನ್ನನ್ನು ಬಾಗಿಲ ಹೊರಗೆ ಕರೆದು, “ಅಣ್ಣ, ದಿನಾ ಮಧ್ಯಾಹ್ನ ಆ ಕರೆಂಟ್ ಕಾರ್ಡ ತಗ್ದು ತೊಡ ಮ್ಯಾಲ ಮಡಿಕ್ಕಂಡು ಕೂತಿರ್ತಾರ” ಅಂದಳು. ಅಂಗಡಿಗೆ ವಾಪಸ್ಸು ಬಂದು ನಾನು ಬೂತಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಗಾಜಿನ ಬೂತು ಅಂತ ನೆನಪಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ನೋಡಿದರು.

ಆಗಿನಿಂದ ಎರಡು ತಿಂಗಳಿಗೊಮ್ಮೆ ಅಂಗಡಿ ಮುಚ್ಚಿ ನಾನೇ ತಿಗನಾರೆಗೆ ಹೋಗುತ್ತೇನೆ. ನಂಬರು ಕಂಪ್ಯೂಟರಿನಲ್ಲಿದ್ದರೂ ಅಕ್ಕನ ಕೈಯಿಂದ ಕಾರ್ಡು ಇಸಿದುಕೊಂಡು ಬರುತ್ತೇನೆ, ನಕ್ಷತ್ರದ ಸೀಲು ಒತ್ತಿ ಮತ್ತೆ ಕೊಟ್ಟು ಬರುತ್ತೇನೆ. ಮೊದಲ ಸಲ ಹಿಂದಕ್ಕೆ ಕೊಡುವಾಗ ಅವಳು ಕೇಳಿದಳು, “ಕ್ಯೂ ಜಾಸ್ತಿ ಇತ್ತ?” ಕ್ಯೂ ಎಲ್ಲಿಯದಕ್ಕ ಈಗ, ಅಂದೆ. ಅವಳ ಮುಖ ನೋಡಿದ ಮೇಲೆ ಎರಡನೆಯ ಸಲ ಬುದ್ಧಿ ಬಂತು. “ಅಯ್ಯೋ, ಆಂಜನೇಯನ ಬಾಲ!” ಅಂದೆ. ಅವಳು ಗೋಡೆಗೆ ಒರಗಿ ಕೂತು, “ಯಾರ್ಯಾರು ಬಂದಿದ್ರು?” ಅಂದಳು. ಅಲ್ಲಿ ಸಿಕ್ಕಿಬಿದ್ದೆ. ಇಷ್ಟು ವರ್ಷ ಅವಳು ಹೇಳಿದ್ದನ್ನು ಕೇಳಿಸಿಕೊಂಡಿದ್ದರೆ ತಾನೆ ನನಗೆ ಹೆಸರುಗಳು ಗೊತ್ತಿರೋದು? ಈಗ ಹೋಗುವ ಹಿಂದಿನ ದಿನವೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಕೂತು, ಕಂಡಕಂಡವರನ್ನು ಮಾತಾಡಿಸಿ, ಯಾರ ಮಗಳು ಬಸುರಿ, ಯಾರ ಎಲೆಕೋಸನ್ನು ಆನೆ ತಿಂದಿತು ಅಂತ ಕೇಳಿ ಬರೆದುಕೊಳ್ಳುತ್ತೇನೆ. ನನಗೆ ಈ ವಯಸ್ಸಿನಲ್ಲಿ ಇದೆಂಥ ಚಾಳಿ ಹತ್ತಿತು ಅಂತ ಊರಲ್ಲಿ ಆಡಿಕೊಳ್ಳುತ್ತಿದ್ದಾರಂತೆ. ತಿಗನಾರೆಗೆ ಹೋಗಿ, ಇಲ್ಲದ ಕ್ಯೂನಲ್ಲಿ ಇವರನ್ನೆಲ್ಲ ಒಬ್ಬರ ಹಿಂದೆ ಒಬ್ಬರನ್ನು ನಿಲ್ಲಿಸಿ, ಜಗಳ ಹಚ್ಚಿ, ರಾಜಿ ಮಾಡಿಸಿ, ಒಂದು ಗಂಟೆ ಹೇಳುತ್ತೇನೆ. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಾಳೆ.

ಹೋದ ಸಲ ಸ್ವಲ್ಪ ಹೆಚ್ಚು ಹುರುಪಿನಲ್ಲಿದ್ದೆ. ಜೀರಹಳ್ಳಿಯ ಬೆಳ್ಳಪ್ಪ ಅಂತೊಬ್ಬ, ಕ್ಯೂನಲ್ಲಿ ನುಗ್ಗುವುದರಲ್ಲಿ ಹೆಸರುವಾಸಿ ಅಂತ ಯಾರೋ ಹೇಳಿದ್ದರು. ಅವನನ್ನೂ ತಂದು ನಿಲ್ಲಿಸಿದೆ. ಅವನು ಹೇಗೆ ನುಗ್ಗಿದ, ಕ್ಯಾಷಿಯರು ಹೇಗೆ ಬೈದರು, ಅವನು ಟವೆಲ್ಲು ಕೊಡವಿಕೊಂಡು ಏನಂದ, ಎಲ್ಲ ಅಭಿನಯ ಸಮೇತ ಹೇಳಿದೆ. ಅಕ್ಕ ಕಣ್ಣು ಬಿಟ್ಟಳು.

“ಬೆಳ್ಳಪ್ಪ ಸತ್ತು ಮೂರ್ ತಿಂಗ್ಳಾಯ್ತಲ್ಲ ನಂಜ” ಅಂದಳು.

ನನ್ನ ಕೈ ಎತ್ತಿದ್ದು ಎತ್ತಿದ ಹಾಗೇ ನಿಂತಿತು. ಎಷ್ಟು ದಿನದಿಂದ ಅವಳಿಗೆ ಗೊತ್ತಿತ್ತು? ಬಹುಶಃ ಮೊದಲಿನಿಂದಲೂ. ಏನೋ ತೊದಲಲು ಹೋದೆ. ಅಕ್ಕ ಮಂಡಿ ನೀವಿಕೊಳ್ಳುತ್ತಾ, ಬೇಸರವೇನೂ ಇಲ್ಲದ ದನಿಯಲ್ಲಿ, “ಇರ್ಲಿ ಬುಡು. ಅವ್ನ ಇಂದ್ಗಡ ಯಾರ್ ನಿಂತಿದ್ರು, ಅದ ಯೋಳು” ಅಂದು ಮತ್ತೆ ಕಣ್ಣು ಮುಚ್ಚಿದಳು.

ಯೋಚನೆ ಮಾಡಿದೆ. ಸತ್ತವನ ಹಿಂದೆ ಬದುಕಿರುವವರನ್ನು ತಂದು ನಿಲ್ಲಿಸೋದು ಒಳ್ಳೆಯದಲ್ಲ. ಬೆಟ್ಟದಲ್ಲಿ ಯಾರ ಹೆಸರು ತೆಗೆಯೋಕೂ ನಾಲಗೆ ಬರಲಿಲ್ಲ.

“ನಾನೇ ನಿಂತಿದ್ದೆ ಕಣಕ್ಕ” ಅಂದೆ.